ಏಳು ಹನ್ನೆರಡರ ಟಕ್

ಮೇಟಗಳ್ಳಿ, ಮೈಸೂರು
9-3-2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಲಿಖಿ,

ಹೇಗಿದ್ದೀಯ ಮಗನೇ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ, ಇಲ್ಲ ಬನ್ನು ಟೀ ಅಂತ ದಿನ ನೂಕುತ್ತಿದ್ದೀಯಾ? ಈ ಸಲ ಬೇಸಿಗೆ ಬೇಗ ಬಂದಿದೆ. ಬಿಸಿಲು ಜಾಸ್ತಿಯಾದರೆ ನಿನಗೆ ಮೂಗಿನಲ್ಲಿ ರಕ್ತ ಬರುತ್ತಿತ್ತಲ್ಲ, ಈಗಲೂ ಬರುತ್ತದಾ? ಬಂದರೆ ತಲೆ ಹಿಂದಕ್ಕೆ ಹಾಕಬೇಡ, ಮುಂದಕ್ಕೆ ಬಗ್ಗಿ ಮೂಗು ಒತ್ತಿ ಹಿಡಿದುಕೋ, ಡಾಕ್ಟರು ಹೇಳಿದ್ದು ಅದೇ. ನನ್ನ ಮಂಡಿ ನೋವು ಹಾಗೇ ಇದೆ, ಅದಕ್ಕೆ ಹೇಗೂ ನಾನು ಒಗ್ಗಿಹೋಗಿದ್ದೇನೆ. ನಿಮ್ಮಪ್ಪನಿಗೆ ಶುಗರ್ ಏರಿ ಇಳಿದು ಮಾಡುತ್ತಿದೆ. ಚಳಿಗಾಲದಲ್ಲಿ ಎಂಟು ಕೆ.ಜಿ. ಇಳಿದುಹೋದರು, ಬೆಲ್ಟಿಗೆ ಹೊಸ ತೂತು ಹಾಕಿಸಿದ್ದಾಯಿತು. ಇಬ್ಬರೂ ಕ್ಷೇಮ ಅಂತ ಬರೆಯುವುದು ವಾಡಿಕೆ. ಬರೆಯಲು ಕೈ ಬರುತ್ತಿಲ್ಲ.

ಇದು ನನ್ನ ಮೂರನೇ ಪತ್ರ. ಮೊದಲೆರಡು ನಿನಗೆ ಸಿಕ್ಕಿಲ್ಲ ಅಂತ ಗೊತ್ತು, ಯಾಕೆಂದರೆ ಮೊನ್ನೆ ಲಷ್ಕರ್ ಮೊಹಲ್ಲಾಕ್ಕೆ ಹೋದಾಗ ಎರಡೂ ಟೈಲರ್ ಮಾಧವ ಅವರ ಮೆಷಿನ್ನಿನ ಡ್ರಾಯರಿನಲ್ಲಿ ಸೀಮೆಸುಣ್ಣದ ಪುಡಿ ಮೆತ್ತಿಕೊಂಡು ಕೂತಿದ್ದವು. ನೀನಿದ್ದ ಕೋಣೆಯ ಕೆಳಗಿನ ಅಂಗಡಿ ಅದೊಂದೇ ನನಗೆ ಗೊತ್ತಿರುವ ನಿನ್ನ ವಿಳಾಸ. "ಟ್ರಂಕ್ ಬುಟ್ಟೋಗವ್ನಲ್ಲ ಕಣಮ್ಮ, ಬತ್ತನೆ ಬುಡಿ" ಅಂತ ಅವರು ಹೋದಾಗಲೆಲ್ಲ ಹೇಳುತ್ತಾರೆ. ಪಾಪ, ಒಳ್ಳೆಯ ಮನುಷ್ಯ. ಈ ಪತ್ರ ಬರಿ ಅಂದದ್ದು ನಿಮ್ಮಪ್ಪ. ಮೂರನೆಯದು ತಲುಪೇ ತಲುಪುತ್ತದಂತೆ, ನೀವು ರೇಡಿಯೋದವರು ಯಾರನ್ನಾದರೂ ಮೂರು ಸಲ ಕರೆಯುತ್ತೀರಲ್ಲ, ಹಾಗೆ. ಈಗ ಹೊರಗೆ ಜಗುಲಿಯಲ್ಲಿ ಕೂತು ಮುಗೀತಾ ಮುಗೀತಾ ಅಂತ ಎರಡು ಸಲ ಕೇಳಿಯಾಯಿತು. ಮುಗಿದ ಮೇಲೆ ಓದಿ, ತಪ್ಪು ತಿದ್ದಿ, ಅವರೇ ಕವರಿಗೆ ಹಾಕಿ ಅಂಟಿಸುತ್ತಾರಂತೆ. ಓದಲಿ. ಇದರಲ್ಲಿ ಅವರ ಮುಖಕ್ಕೆ ನಾನು ಹೇಳದ ಮಾತು ಒಂದೂ ಇರುವುದಿಲ್ಲ.

ನಿಮ್ಮ ರೇಡಿಯೋವನ್ನು, ಮನೆಯಲ್ಲಿ ಕೂತು ಕಾಣದ ಊರಿನವರ ಜೊತೆ ಮಾತಾಡುವ ಆ ಹುಚ್ಚನ್ನು, ನಾನು ಯಾವತ್ತು ಪ್ರೀತಿಸಿದ್ದೆ ಹೇಳು? ಮದುವೆಯಾಗಿ ಬಂದ ನಾಲ್ಕನೇ ದಿನ ನಿಮ್ಮಪ್ಪ ಮೈಕ್ ಹಿಡಿದು ನಾಲ್ಕು ಜಿಲ್ಲೆಯ ಜನಕ್ಕೆ ನನ್ನನ್ನು 'ಎಕ್ಸ್ ವೈ ಎಲ್' ಅಂತ ಪರಿಚಯ ಮಾಡಿಸಿದರು. ಹೆಂಡತಿಗೆ ನಿಮ್ಮ ಹ್ಯಾಮ್‌ಗಳ ಭಾಷೆಯಲ್ಲಿ ಹಾಗನ್ನುವುದಂತೆ. ಏನು ಹಾಗಂದರೆ ಅಂತ ಕೇಳಿದೆ. ಮಾಜಿ ಯುವತಿ! ನನಗಾಗ ಇಪ್ಪತ್ತೊಂದು ವರ್ಷ, ಕೈಯ ಮದರಂಗಿ ಇನ್ನೂ ಹೋಗಿರಲಿಲ್ಲ, ಅಷ್ಟರಲ್ಲೇ ಮಾಜಿ ಆಗಿಬಿಟ್ಟಿದ್ದೆ. ಅದೇ ಗಂಡಸರಾದರೆ ಎಲ್ಲರೂ 'ಓಲ್ಡ್ ಮ್ಯಾನ್', ಮೀಸೆ ಮೂಡದವನಿಗೂ ಆ ಗೌರವ. ನನ್ನ ತವರಿನವರು ಕೊಟ್ಟ ಬೀರು ಇದ್ದ ಕೋಣೆಗೆ ರೇಡಿಯೋ ತಂದಿಟ್ಟು ಅದಕ್ಕೆ 'ಶ್ಯಾಕ್' ಅಂದರು, ಅಂದರೆ ಗುಡಿಸಲು. ನಾನು ಮಿಕ್ಸಿ ಹಾಕಿದರೆ 'ಕ್ಯೂ ಆರ್ ಎಂ' ಅಂತ ಒಳಗಿನಿಂದ ಕೂಗು, ಅಡಚಣೆಯಂತೆ. ಚಟ್ನಿ ತಿನ್ನುವಾಗ ಮಾತ್ರ ಅಡಚಣೆ ಇರಲಿಲ್ಲ. ನೀನು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಓಡಿ ಬಂದು 'ನಮ್ಮನೇಲಿ ಒಂದು ಹಾರ್ಮೋನಿಕ್ ಬಂದಿದೆ' ಅಂತ ಎಲ್ಲರಿಗೂ ಹೇಳಿದರಂತೆ, ಮಗುವಿಗೆ ನಿಮ್ಮವರು ಇಟ್ಟ ಹೆಸರು ಅದು. ಹೆತ್ತವಳಿಗೆ ಕಾಫಿ ತರುವುದು ಮರೆತುಹೋಗಿತ್ತು.

ಬೀದಿಯವರಾದರೂ ಸುಮ್ಮನಿದ್ದರಾ? ಧಾರಾವಾಹಿ ನಡುವೆ ಟೀವಿಯಲ್ಲಿ ಗೆರೆ ಬಂದರೆ ನಮ್ಮ ಬಾಗಿಲಿಗೆ ಬರುತ್ತಿದ್ದರು. ಮಾಳಿಗೆಯ ಮೇಲಿನ ಕಂಬ ನೋಡಿ ಒಬ್ಬ ಪೊಲೀಸ್ ಪೇದೆ ಗೂಢಚಾರರೇನೋ ಅಂತ ಬಂದು ಪಾಸ್‌ಪೋರ್ಟ್ ಇದೆಯಾ ಅಂತ ಕೇಳಿದ್ದ. ಬಂದ ನೆಂಟರೆಲ್ಲ "ಯಾವ ಎಫ್ಎಂನಲ್ಲಿ ಇದ್ದೀರಾ, ನಮ್ಗೂ ಒಂದು ಹಾಡು ಹಾಕ್ಸಿ" ಅನ್ನುವವರೇ. ಅವತ್ತೆಲ್ಲ ನಿಮ್ಮಪ್ಪನ ಮುಖ ನೋಡಬೇಕಿತ್ತು. ಎಫ್ಎಂನವರೆಂದರೆ ಅವರಿಗೆ ಬಾಯಿಬಡುಕರು, ಶಿಸ್ತಿಲ್ಲದವರು, ಹೆಸರು ಹೇಳದೆ ಮಾತು ಶುರು ಮಾಡುವವರು. ಮೊಬೈಲ್ ಬಂದ ಮೇಲಂತೂ "ಜೇಬಲ್ಲಿ ಫೋನ್ ಇರುವಾಗ ಇದ್ಯಾಕ್ರೀ ಲಿಂಗರಾಜಣ್ಣ" ಅನ್ನದವರಿಲ್ಲ. ನಾನೂ ಅಂದವಳೇ. ನೀನೊಬ್ಬ ಅನ್ನಲಿಲ್ಲ. ಹದಿನಾರಕ್ಕೇ ಪರೀಕ್ಷೆ ಪಾಸು ಮಾಡಿ, ರೇಡಿಯೋದಲ್ಲಿ ಹೆಸರಿನ ಬದಲು ಹೇಳುವ ನಿನ್ನದೇ ಕಾಲ್‌ಸೈನ್ ತಂದುಕೊಂಡು, ಸೈಕಲ್ ಚಕ್ರದ ಕಡ್ಡಿಗಳಲ್ಲಿ ಅಪ್ಪ ಹೇಳಿಕೊಟ್ಟ ಹಾಗೆ ಆಂಟೆನಾ ಕಟ್ಟಿ ಕಿಟಕಿಗೆ ಸಿಕ್ಕಿಸಿದೆ. ಆ ಸಂಜೆ ನಿಮ್ಮಪ್ಪ ಮೈಕ್ ಕೂಡ ಮರೆತು ನನ್ನ ಹತ್ತಿರ ಬಂದು ಅಡುಗೆಮನೆಯಲ್ಲಿ ನಿಂತುಕೊಂಡಿದ್ದರು. ಅಷ್ಟು ಸಂತೋಷ ಅವರಿಗೆ.

ಆ ಆಗಸ್ಟ್ ತಿಂಗಳನ್ನು ಕೆದಕಬಾರದು ಅಂತ ಎರಡು ಪತ್ರದಲ್ಲೂ ಬಿಟ್ಟಿದ್ದೆ. ಈ ಸಲ ಬರೆದುಬಿಡುತ್ತೇನೆ. ಕಪಿಲೆ ತುಂಬಿ ನಂಜನಗೂಡಿನ ಕಡೆ ಹಳ್ಳಿಗಳಿಗೆ ನೀರು ನುಗ್ಗಿ ಮೊಬೈಲೆಲ್ಲ ಸತ್ತಾಗ, ಇದ್ಯಾಕ್ರೀ ಅಂದವರೇ ಬಂದು ಕೈಮುಗಿದು ನಿಮ್ಮನ್ನು ಕರೆದುಕೊಂಡು ಹೋದರು. ನಿನ್ನನ್ನು ಹೊಳೆಯಾಚೆ ಒಂದು ಶಾಲೆಯಲ್ಲಿ ಕೂರಿಸಿದ್ದರು. ಪಕ್ಕದ ಹಳ್ಳಿಯಲ್ಲಿ ನಿನ್ನ ಹಾಗೇ ಸೆಟ್ ಹಿಡಿದು ಕೂತಿದ್ದ ಸಂಜಯ್‌ನ ಬ್ಯಾಟರಿ ಮುಗಿಯುತ್ತಿದೆ ಅಂತ ನಿನ್ನ ಎರಡನೇ ಬ್ಯಾಟರಿ ಅವನಿಗೆ ಕಳಿಸಿಕೊಟ್ಟೆ. ಮೂರು ಗಂಟೆಗೆ ನಿನ್ನದೂ ಮುಗಿಯಿತು. ಮುಕ್ಕಾಲು ಗಂಟೆ ನಿನ್ನ ಸದ್ದೇ ಇಲ್ಲ. ಆ ಮುಕ್ಕಾಲು ಗಂಟೆಯಲ್ಲೇ ಶಾಲೆಯಲ್ಲಿದ್ದ ಚಾಮಯ್ಯ ಅನ್ನುವ ವಯಸ್ಸಾದವರಿಗೆ ಎದೆ ಹಿಡಿದುಕೊಂಡಿತು. ದೋಣಿ ಕರೆಯಲು ನಿನ್ನ ಕೈಯಲ್ಲಿ ಏನೂ ಇರಲಿಲ್ಲ. ಅವರು ಹೋಗಿಬಿಟ್ಟರು. ದೋಣಿ ಆಗಲೇ ಬಂದಿದ್ದರೂ ಅವರು ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಆಮೇಲೆ ಹೇಳಿದರು ಲಿಖಿ. ಅದನ್ನು ನಿನಗೆ ಯಾರೂ ಹೇಳಲಿಲ್ಲ ಅಂತ ನನಗೆ ಗೊತ್ತಾದದ್ದು ನೀನು ಹೋದ ಮೇಲೆ.

ನೆಟ್ ಅಂತ ಒಂದಿದೆಯಲ್ಲ ನಿಮ್ಮದು, ದಿನಾ ಬೆಳಿಗ್ಗೆ ಏಳಕ್ಕೆ ನಲವತ್ತಾರು ಜನರ ಹಾಜರಿ, ನಿಮ್ಮಪ್ಪ ಅದರ ಮೇಷ್ಟ್ರು. ನೀವು ಮನೆಗೆ ಬಂದ ಮಾರನೇ ಬೆಳಿಗ್ಗೆ ಆ ನಲವತ್ತಾರೂ ಜನ ಕೇಳುವ ಹಾಗೆ, ಪಕ್ಕದ ಕೋಣೆಯಲ್ಲಿದ್ದ ಸ್ವಂತ ಮಗನಿಗೆ ಅವರು ಮೈಕಿನಲ್ಲಿ ಹೇಳಿದರು: "ಬ್ಯಾಟರಿ ಇಲ್ದೆ ಡ್ಯೂಟಿಗೆ ಕೂರೋನು ಆಪರೇಟರ್ ಅಲ್ಲ, ಲಿಡ್. ಇನ್ಮೇಲೆ ಮೈಕಲ್ಲಿ ನಿನ್ ಸ್ವರ ಕೇಳ್ಕೂಡ್ದು." ನೀನು ಅಡುಗೆಮನೆಯಲ್ಲಿ ನನ್ನ ಮುಂದೆಯೇ ಕೂತು ಕೈಯಲ್ಲಿದ್ದ ಸೆಟ್ಟಿನಲ್ಲಿ ಅದನ್ನು ಕೇಳಿದೆ. ಲಿಡ್ ಅಂದರೆ ನನಗೆ ಡಬ್ಬದ ಮುಚ್ಚಳ. ಮುಚ್ಚಳ ಅಂತ ಬೈತಾರಲ್ಲೋ ಅಂತ ನಕ್ಕುಬಿಟ್ಟೆ ನಾನು, ನಗುತ್ತಲೇ ನಿನ್ನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದೆ. ಸೆಟ್ ಮುಟ್ಟಲೂ ಯೋಗ್ಯನಲ್ಲ ಅಂತ ಅದರರ್ಥ, ನಿಮ್ಮವರಲ್ಲಿ ಅದಕ್ಕಿಂತ ಕೀಳಾದ ಮಾತಿಲ್ಲ ಅಂತ ನಿಮ್ಮಪ್ಪನ ನೆಟ್‌ನ ಗೆಳೆಯ ಅಶ್ವತ್ಥಣ್ಣ ಹೇಳುವವರೆಗೆ ನನಗೆ ತಿಳಿಯಲಿಲ್ಲ. ಡ್ಯೂಟಿಗೆ ಹೋಗ್ತೀನಮ್ಮ ಅಂತ ಬ್ಯಾಗ್ ಹಾಕಿಕೊಂಡು ಹೋದೆ. ಕಡಕೊಳದ ಫ್ಯಾಕ್ಟರಿಗೆ ನೀನು ಅವತ್ತು ಹೋಗಲೇ ಇಲ್ಲ ಅಂತ ಸಾಯಂಕಾಲ ಫೋನ್ ಬಂತು. ಪೊಲೀಸರು ಕಂಪ್ಲೇಂಟ್ ಬರೆದುಕೊಂಡು, ದೊಡ್ಡವನಲ್ವೇನಮ್ಮ, ಬರ್ತಾನೆ ಬಿಡಿ ಅಂದರು. ಎರಡೂವರೆ ವರ್ಷ ಆಯಿತು.

ನಿಮ್ಮಪ್ಪ ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಹಾಜರಿ ಪಟ್ಟಿಯಿಂದ ನಿನ್ನ ಕಾಲ್‌ಸೈನ್ ಮಾತ್ರ ತೆಗೆಯಲಿಲ್ಲ. ಮೂವತ್ತೊಂದನೆಯದು ನಿನ್ನದು, ಅದು ಬರುವ ಹೊತ್ತಿಗೆ ಏಳು ಗಂಟೆ ಹನ್ನೆರಡು ನಿಮಿಷ. ಮೂರು ಸಲ ಕರೆಯುತ್ತಾರೆ, ಉತ್ತರ ಇಲ್ಲ, ಮುಂದಿನ ಸ್ಟೇಷನ್ ಅನ್ನುತ್ತಾರೆ. ಎಲ್ಲರನ್ನೂ ಕರೆಯುವ ಅದೇ ದನಿ. ಒಂದು ದಿನ ಮಂಡ್ಯದ ಕಡೆಯ ಹೊಸಬರೊಬ್ಬರು, ಏನೂ ಗೊತ್ತಿಲ್ಲದವರು, ಈ ಸ್ಟೇಷನ್ ಸೈಲೆಂಟ್ ಕೀ ಆಗಿದ್ಯಾ ಸಾರ್ ಅಂತ ಕೇಳಿಬಿಟ್ಟರು. ತೀರಿಹೋದ ಆಪರೇಟರಿಗೆ ನೀವು ಹಾಗನ್ನುತ್ತೀರಿ ಅಂತ ಇಷ್ಟು ವರ್ಷದಲ್ಲಿ ನನಗೂ ಗೊತ್ತಾಗಿತ್ತು. ಕೈಯಲ್ಲಿದ್ದ ಹಾಲಿನ ಪಾತ್ರೆ ಹಾಗೇ ಹಿಡಿದುಕೊಂಡು ನಿಂತೆ. "ನೆಗೆಟಿವ್" ಅಂದರು ನಿಮ್ಮಪ್ಪ. ಅಷ್ಟೇ ಅಂದು ಮುಂದಿನ ಸ್ಟೇಷನ್ ಕರೆದರು. ಅವತ್ತು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ಆಮೇಲೆ, ಹೋದ ವರ್ಷಕ್ಕೂ ಹಿಂದಿನ ವರ್ಷದ ದಸರೆ ಮುಗಿದ ವಾರ, ನಿನ್ನ ಹೆಸರು ಮೂರನೇ ಸಲ ಕರೆದು ನಿಲ್ಲಿಸಿದಾಗ ಒಂದು ಟಕ್ ಬಂತು. ನನ್ನ ತಲೆಗೆ ಹೋದ ಮಟ್ಟಿಗೆ ಹೇಳುತ್ತೇನೆ: ಎಲ್ಲರ ದನಿಯನ್ನೂ ಹಿಡಿದು ದೊಡ್ಡದು ಮಾಡಿ ಊರಿಗೆಲ್ಲ ಹಂಚುವ ಪೆಟ್ಟಿಗೆಯೊಂದು ಬೆಟ್ಟದ ಮೇಲಿದೆ, ಯಾರಾದರೂ ಬಟನ್ ಒತ್ತಿ ಏನೂ ಮಾತಾಡದೆ ಬಿಟ್ಟರೆ ಆ ಪೆಟ್ಟಿಗೆ ಟಕ್ ಅಂತ ಸುಮ್ಮನಾಗುತ್ತದೆ. ಮಾರನೇ ದಿನವೂ ಬಂತು. ಅದರ ಮಾರನೇ ದಿನವೂ. ಬೇರೆ ಯಾರ ಹೆಸರಿಗೂ ಇಲ್ಲ, ನಿನ್ನ ಹೆಸರಿಗೆ ಮಾತ್ರ. ಅದು ನೀನೇ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಸ್ವರ ಕೇಳಿಸಕೂಡದು ಅಂದಿದ್ದರು, ನೀನು ಕೇಳಿಸಲಿಲ್ಲ. ಎಂಥ ವಿಧೇಯ ಮಗನನ್ನು ಹೆತ್ತೆನಪ್ಪಾ ನಾನು! ಏಳು ಹನ್ನೆರಡಕ್ಕೆ ಒಲೆ ಆರಿಸಿ ನಿಂತುಕೊಳ್ಳುತ್ತಿದ್ದೆ. ಟಕ್ ಬಂದರೆ ನನ್ನ ಮಗ ಎದ್ದಿದ್ದಾನೆ, ಮುಖ ತೊಳೆದಿದ್ದಾನೆ, ಎಲ್ಲೋ ಒಂದು ಕಡೆ ಇದ್ದಾನೆ. ಆ ದಿನಕ್ಕೆ ಅಷ್ಟು ಸಾಕಾಗುತ್ತಿತ್ತು.

ನಿಮ್ಮಪ್ಪನಿಗೆ ಅದು ಬೇರೆ ಥರ ಕೇಳಿಸಿತು. ಹೆಸರು ಹೇಳದೆ ಬಟನ್ ಒತ್ತುವುದೆಂದರೆ ನಿಮ್ಮವರಿಗೆ ಬಾಗಿಲು ತಟ್ಟಿ ಓಡಿಹೋಗುವ ಪೋಲಿಗಳ ಕೆಲಸ. ಅದೂ ನಿನ್ನ ಹೆಸರಿಗೇ ಒತ್ತುತ್ತಾನಲ್ಲ, ಯಾವನೋ ತಮ್ಮನ್ನು ಅಣಕಿಸುತ್ತಿದ್ದಾನೆ ಅಂದುಕೊಂಡರು. "ಮನೆ ಬುಟ್ಟೋದ ಮಗನ ಹೆಸ್ರಲ್ಲಿ ತಮಾಷೆ ಮಾಡ್ತಾನಲ್ಲೇ, ಇವ್ನಿಗೆ ಅಪ್ಪ ಅಮ್ಮ ಇಲ್ವಾ" ಅಂತ ನನ್ನ ಹತ್ತಿರ ಹೇಳಿ ಹಲ್ಲು ಕಡಿದರು. ಆಗಲೇ ನಾನು ಹೇಳಬೇಕಿತ್ತು. ಹೇಳಲಿಲ್ಲ ಲಿಖಿ. ಹೇಳಿದ್ದರೆ ಅವರು ಮೈಕಿನಲ್ಲೇ ಶುರು ಮಾಡಿಬಿಡುತ್ತಿದ್ದರು, ಎಲ್ಲಿದ್ದೀಯ, ಲೊಕೇಶನ್ ಹೇಳು, ಅಂತ. ನೀನು ಹೆದರಿ ಅದನ್ನೂ ನಿಲ್ಲಿಸಿಬಿಡುತ್ತೀಯ ಅಂತ ಭಯ. ಮತ್ತೂ ಒಂದು ಇತ್ತು, ಅದನ್ನೂ ಬರೆಯುತ್ತೇನೆ. ಆ ಟಕ್ ನನ್ನೊಬ್ಬಳದೇ ಆಗಿತ್ತು. ನಿನ್ನನ್ನು ಓಡಿಸಿದ ಮನುಷ್ಯನಿಗೆ ಅದರಲ್ಲಿ ಪಾಲು ಕೊಡಲು ನನಗೆ ಮನಸ್ಸಿರಲಿಲ್ಲ. ಹದಿನಾಲ್ಕು ತಿಂಗಳು ಮುಚ್ಚಿಟ್ಟುಕೊಂಡು ಬದುಕಿದೆ.

ಡಿಸೆಂಬರಿನಲ್ಲಿ ಅವರು ನರಿಬೇಟೆ ಶುರು ಮಾಡಿದರು. ಬಚ್ಚಿಟ್ಟ ರೇಡಿಯೋವನ್ನು ಆಂಟೆನಾ ತಿರುಗಿಸಿ ಹುಡುಕುವ ನಿಮ್ಮ ಆಟ. ನೀನು ಹದಿನೇಳನೇ ವಯಸ್ಸಿಗೆ ಅದರಲ್ಲಿ ಸ್ಟೀಲ್ ಟಿಫನ್ ಬಾಕ್ಸ್ ಗೆದ್ದಿದ್ದೆ. ಒಂದು ಸೆಕೆಂಡಿನ ಟಕ್ ಹಿಡಿಯುವುದು ಸುಲಭವಾ? ಅಶ್ವತ್ಥಣ್ಣ ಒಂದು ಮೂಲೆ, ನೆಟ್‌ನ ಇನ್ನೊಬ್ಬ ನಾಗಾರ್ಜುನ ಒಂದು ಮೂಲೆ, ದಿನಾ ಬೆಳಿಗ್ಗೆ ಬೇರೆ ಬೇರೆ ಬೀದಿಯಲ್ಲಿ ಆಂಟೆನಾ ಹಿಡಿದು ನಿಲ್ಲುವುದು, ಮ್ಯಾಪಿನ ಮೇಲೆ ಗೆರೆ ಎಳೆಯುವುದು. ಜನ ಬಂದು ನಮ್ಮ ಕೇಬಲ್ ಯಾವಾಗ ಸರಿ ಮಾಡ್ತೀರಾ ಅಂತ ಕೇಳುತ್ತಿದ್ದರಂತೆ. ಹನ್ನೊಂದು ದಿನ ನಡೆಯಿತು. ಆ ಹನ್ನೊಂದು ದಿನವೂ ನಾನು ಅವರಿಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಟ್ಟೆ. ಗೊತ್ತಿದ್ದೂ ಯಾಕೆ ಕೊಟ್ಟೆ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ಹುಡುಕಲಿ ಅನ್ನಿಸಿತು ಕಣೋ. ಇವರ ಕೋಪದಿಂದಲಾದರೂ ನನಗೆ ನಿನ್ನ ವಿಳಾಸ ಸಿಗಲಿ, ಆಮೇಲೆ ಒಬ್ಬಳೇ ಹೋಗಿ ನೋಡಿಕೊಂಡು ಬರೋಣ ಅಂತ ಲೆಕ್ಕ ಹಾಕಿದ್ದೆ. ನಿಮ್ಮಪ್ಪನ ತಪ್ಪಿಗಿಂತ ಇದು ದೊಡ್ಡದು. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಗೆರೆಗಳೆಲ್ಲ ಲಷ್ಕರ್ ಮೊಹಲ್ಲಾದಲ್ಲಿ ಬಂದು ಕೂಡಿದವು. ಕೊನೆಯ ಭಾನುವಾರ ನಿಮ್ಮಪ್ಪ ಮನೆಯಿಂದ ನೆಟ್ ನಡೆಸಲಿಲ್ಲ, ಕೈಯ ಸೆಟ್ಟಿನಲ್ಲೇ ಬೀದಿಯಲ್ಲಿ ನಿಂತು ಹಾಜರಿ ಕರೆದರು. ಮಾಧವ ಅವರ ಅಂಗಡಿಯ ಮುಂದೆ. ನಿನ್ನ ಕಿಟಕಿಯ ಕೆಳಗೆ. ನಿನ್ನ ಹೆಸರನ್ನು ಅಲ್ಲೇ ನಿಂತು ಮೂರು ಸಲ ಕರೆದರು. ಅವರ ದನಿ ನಿನಗೆ ಸೆಟ್ಟಿನಿಂದಲೂ ಕೇಳಿಸಿರಬೇಕು, ಬೀದಿಯಿಂದಲೂ ಕೇಳಿಸಿರಬೇಕು. ಆದರೂ ಒತ್ತಿದೆ. ಯಾಕೆ ಒತ್ತಿದೆ ಮಗನೇ? ಅಪ್ಪ ಕರೆಯಲು ಬಂದಿದ್ದಾರೆ ಅಂದುಕೊಂಡೆಯಾ? ಅದೊಂದು ಪ್ರಶ್ನೆ ನನ್ನ ಎದೆಯಲ್ಲಿ ಕೂತು ಕೊರೆಯುತ್ತಿದೆ. ಅಶ್ವತ್ಥಣ್ಣ ಆಂಟೆನಾ ಮೇಲಕ್ಕೆತ್ತಿ "ಅಗೋ, ಆ ಕಿಟ್ಕಿ" ಅಂದರಂತೆ. ನಿಮ್ಮಪ್ಪ ಮೇಲೆ ನೋಡಿ "ಯಾವನೋ ಅವ್ನು, ಇಳ್ಯೋ ಕೆಳಕ್ಕೆ, ಲೈಸೆನ್ಸ್ ತೋರ್ಸೋ" ಅಂತ ಕೂಗಿದರಂತೆ. ಮೆಟ್ಟಿಲು ಹತ್ತಿ ಬಾಗಿಲು ಬಡಿದರಂತೆ. ನೀನು ತೆಗೆಯಲಿಲ್ಲ. ನಾಳೆ ಅಧಿಕಾರಿಗಳನ್ನ ಕರ್ಕೊಂಡು ಬಂದು ಸೆಟ್ಟು ಜಪ್ತಿ ಮಾಡಿಸ್ತೀನಿ, ಹೇಳಿ ಅವ್ನಿಗೆ, ಅಂತ ಟೈಲರಿಗೆ ಹೇಳಿ ಬಂದರು.

ಮನೆಗೆ ಬಂದಾಗ ಅವರ ಮುಖ ಅರಳಿತ್ತು. "ನರಿ ಸಿಕ್ಬುಡ್ತು ಕಣೆ" ಅಂದರು. ಕಿಟಕಿಯಲ್ಲಿ ಸೈಕಲ್ ಕಡ್ಡಿಯ ಆಂಟೆನಾ ಇತ್ತು, ಪೋಲಿಯಾದರೂ ಕೆಲಸ ಗೊತ್ತಿರೋನು, ಅಳತೆ ಕರೆಕ್ಟಾಗಿ ಕಟ್ಟವ್ನೆ ಅಂತ ಹೊಗಳುತ್ತಾ ಶೂ ಬಿಚ್ಚುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅದನ್ನ ಕಟ್ಟೋದು ಹೇಳಿಕೊಟ್ಟದ್ದು ಯಾರು ಅಂತ ಕೇಳಿದೆ. ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ, ಹಾಗೇ ಕೂತುಬಿಟ್ಟರು. ಆಮೇಲೆ ಒಂದೇ ಶೂನಲ್ಲಿ ಬೀದಿಗೆ ಓಡಿದರು, ನಾನು ಇನ್ನೊಂದು ಹಿಡಿದು ಹಿಂದೆ ಓಡಿದೆ. ಆಟೋದಲ್ಲಿ ಹೋಗುವಷ್ಟರಲ್ಲಿ ನಿನ್ನ ಕೋಣೆಗೆ ಬೀಗ. ಒಂದು ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಟ್ರಂಕನ್ನು ಅಂಗಡಿಯಲ್ಲಿಟ್ಟು, ಆಂಟೆನಾ ಬಿಚ್ಚಿಕೊಂಡು ಹೋದ ಅಂದರು ಮಾಧವ. ಎಲ್ಲಿಗೆ ಅಂತ ಅವರು ಕೇಳಲಿಲ್ಲವಂತೆ. ಹದಿನೈದು ತಿಂಗಳು ನಮ್ಮ ಮನೆಯಿಂದ ಒಂದೇ ಬಸ್ಸಿನ ದೂರದಲ್ಲಿದ್ದೆ. ದೇವರಾಜ ಮಾರ್ಕೆಟ್ಟಿಗೆ ಹೋದಾಗ ಎಷ್ಟು ಸಲ ಆ ಕಡೆ ಹಾದುಹೋಗಿದ್ದೇನೋ ನಾನು.

ಮಾರನೇ ಬೆಳಿಗ್ಗೆ ನೆಟ್‌ನಲ್ಲಿ ನಿಮ್ಮಪ್ಪ ಎಲ್ಲರ ಮುಂದೆ ಹೇಳಿದರು. ನನ್ನ ಮಗ ಲಿಡ್ ಅಲ್ಲ, ಲಿಡ್ ನಾನು, ಆ ಮಾತು ವಾಪಸ್ ತಗೊಂಡಿದೀನಿ, ಅಂತ. ನಿನ್ನ ಹೆಸರು ಕರೆದರು. ಟಕ್ ಬರಲಿಲ್ಲ. ಸಂಕ್ರಾಂತಿವರೆಗೂ ಬರಲಿಲ್ಲ, ಅದಾದ ಮೇಲೂ ಬರಲಿಲ್ಲ. ನಿನ್ನ ಹೆಸರಾದ ಮೇಲೆ ಅವರು ಮುಂದೆ ಹೋಗುವುದನ್ನೇ ಬಿಟ್ಟರು, ಎರಡು ನಿಮಿಷ, ಮೂರು ನಿಮಿಷ ಮೈಕ್ ಹಿಡಿದು ಕೂತೇ ಇರುತ್ತಿದ್ದರು. ಮಿಕ್ಕ ಹದಿನೈದು ಜನ ತಮ್ಮ ಸರದಿಗೆ ಕಾಯುತ್ತಿದ್ದರು, ಕೊನೆಗೆ ಅಶ್ವತ್ಥಣ್ಣನೇ "ಮುಂದುಕ್ಕೋಗಣ ಲಿಂಗರಾಜು" ಅನ್ನಬೇಕು. ಊಟ ಬಿಟ್ಟರು, ಶೇವ್ ಮಾಡುವುದು ಬಿಟ್ಟರು. ಮಾತ್ರೆ ಬಾಯಿಗೆ ಹಾಕಿದರೆ ನುಂಗುತ್ತಿರಲಿಲ್ಲ. ನೀನು ಬೆಟ್ಟದ ಪೆಟ್ಟಿಗೆಯ ಅಳತೆ ದಾಟಿ ಯಾವ ಊರಿಗೆ ಹೋದೆಯೋ, ಆ ಮಾತು ವಾಪಸ್ ತೆಗೆದುಕೊಂಡದ್ದು ನಿನಗೆ ಕೇಳಿಸಲಿಲ್ಲವೋ, ಇಲ್ಲ ಕೇಳಿಸಿಯೂ ಬೇಡ ಅನ್ನಿಸಿತೋ. ನನಗೆ ನಿನ್ನ ಮೇಲೆ ಸಿಟ್ಟು ಬಂದ ದಿನವೂ ಉಂಟು. ಬಂದಿತ್ತು ಅಂತಲೇ ಬರೆಯುತ್ತಿದ್ದೇನೆ.

ಶಿವರಾತ್ರಿಯ ಮಾರನೇ ಬೆಳಿಗ್ಗೆ, ಏಳು ಹನ್ನೆರಡಕ್ಕೆ, ಮತ್ತೆ ಟಕ್ ಬಂತು. ನಾನು ಬಚ್ಚಲಿನಿಂದ ಕೈ ಒರೆಸಿಕೊಂಡು ಬರುತ್ತಿದ್ದೆ, ನಿಮ್ಮಪ್ಪ ಮೈಕ್ ಬಿಟ್ಟು ಓಡಿ ಬಂದು ನನ್ನ ಎರಡೂ ಭುಜ ಹಿಡಿದು "ಅವ್ನೆ ಕಣೆ, ಇದಾನೆ, ಇಲ್ಲೇ ಎಲ್ಲೋ ಇದಾನೆ" ಅಂತ ಅಲ್ಲಾಡಿಸಿಬಿಟ್ಟರು. ಇಪ್ಪತ್ತೇಳು ವರ್ಷದಲ್ಲಿ ಅವರು ಅಳುವುದನ್ನು ಅವತ್ತು ಮೊದಲ ಸಲ ನೋಡಿದೆ. ನಾಲ್ಕು ದೋಸೆ ತಿಂದರು. ಶೇವ್ ಮಾಡಿಕೊಂಡರು. ಅಂದಿನಿಂದ ದಿನಾ ಬರುತ್ತಿದೆ, ನಡುವೆ ಒಂದು ದಿನ ಮಾತ್ರ ಬರಲಿಲ್ಲ. ಈ ಸಲ ಯಾರಿಗೂ ಹುಡುಕಲು ಬಿಡುವುದಿಲ್ಲ ಅಂತ ಅಶ್ವತ್ಥಣ್ಣನ ಮುಂದೆ ಆಣೆ ಮಾಡಿದ್ದಾರೆ. ಅವನಾಗಿಯೇ ಮಾತಾಡಲಿ, ಒಂದು ವರ್ಷವಾಗಲಿ ಹತ್ತು ವರ್ಷವಾಗಲಿ ಕಾಯ್ತೀನಿ, ಹಾಗಂತ ಬರಿ ಅಂದರು. ಬರೆದಿದ್ದೇನೆ.

ಇನ್ನು ಮುಗಿಸುತ್ತೇನೆ, ಜಗುಲಿಯಿಂದ ಮೂರನೇ ಸಲ ಕೂಗಾಯಿತು. ಕೊನೆಯಲ್ಲಿ ತಮ್ಮ ಹೆಸರಿನಲ್ಲಿ ಎಪ್ಪತ್ತಮೂರು ಅಂತ ಹಾಕಬೇಕಂತೆ, ಶುಭಾಶಯಕ್ಕೆ ನೀವು ಬಳಸುವ ಸಂಖ್ಯೆ. ಮಗನಿಗೆ ಎಂಬತ್ತೆಂಟು ಹಾಕಬಾರದಾ, ಅದಲ್ಲವಾ ಪ್ರೀತಿಗೆ, ಅಂತ ಕೇಳಿದೆ. "ಗಂಡಸ್ರು ಗಂಡಸ್ರಿಗೆ ಅದ್ನ ಹಾಕಲ್ಲ ಕಣೆ" ಅಂತ ಎದ್ದು ಹೋದರು. ಗೇಟಿನವರೆಗೆ ಹೋಗಿ ತಿರುಗಿ ಬಂದು, "ಬರ್ದ್ಬುಡು" ಅಂದರು. ಹಾಗಾಗಿ ಅಪ್ಪನಿಂದ ಎಂಬತ್ತೆಂಟು. ನನ್ನಿಂದ ಇಡೀ ಆಯಸ್ಸು. ಎಲ್ಲಿದ್ದರೂ ತಾಯಿ ಚಾಮುಂಡಿ ನಿನ್ನ ತಲೆ ಕಾಯಲಿ, ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡದಿರಲಿ.

ನಿನ್ನ ಅಮ್ಮ,
ಸುಮಿತ್ರ

ತಾ. ಕ.: ನಿಮ್ಮಪ್ಪ ಓದಿ, ಎರಡು ಕಡೆ ತಿದ್ದಿ, ಗೋಂದು ಒಣಗಿಹೋಗಿದೆ ಅಂತ ಅಂಗಡಿಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಈ ಚೂರು ಹಾಳೆಯಲ್ಲಿ ಬರೆದು ಪತ್ರದ ಮಡಿಕೆಯೊಳಗೆ ಸೇರಿಸಿಬಿಡಬೇಕು, ಅಕ್ಷರ ನೋಡಬೇಡ. ಶಿವರಾತ್ರಿಯಿಂದ ಬರುತ್ತಿರುವ ಟಕ್ ನೀನಲ್ಲ, ನಾನು. ನಿನ್ನ ಬೀರುವಿನಲ್ಲಿದ್ದ ಹಳೇ ಸೆಟ್ಟಿಗೆ ಕದ್ದು ಚಾರ್ಜ್ ಹಾಕಿ, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಒತ್ತುತ್ತೇನೆ. ಅವರು ಸತ್ತೇಹೋಗುತ್ತಾರೆ ಅಂತ ಹೆದರಿ ಒಂದು ದಿನದ ಮಟ್ಟಿಗೆ ಅಂತ ಮಾಡಿದೆ. ಮೊನ್ನೆ ಗುರುವಾರ ನಿಲ್ಲಿಸಿ ನೋಡಿದೆ, ಮಧ್ಯಾಹ್ನ ಎರಡರವರೆಗೆ ಮೈಕಿನ ಮುಂದಿನಿಂದ ಏಳಲಿಲ್ಲ, ಶುಕ್ರವಾರ ಮತ್ತೆ ಒತ್ತಿದೆ. ಇನ್ನು ನಾನು ಇರುವವರೆಗೆ ಒತ್ತಬೇಕು. ಟ್ರಂಕನ್ನೂ ತೆಗೆದು ನೋಡಿದೆ, ಮಾಧವ ಅವರಿಗೂ ಗೊತ್ತಿಲ್ಲ. ಹಳೇ ಪೇಪರು, ಒಂದು ಹರಿದ ಬೆಡ್‌ಶೀಟು. ಅದಕ್ಕಾಗಿ ಯಾರೂ ವಾಪಸ್ ಬರುವುದಿಲ್ಲ. ಆದರೂ ಈ ಪತ್ರ ಅಲ್ಲಿಗೇ ಕೊಡುತ್ತೇನೆ. ಎಲ್ಲಿಂದಾದರೂ ಕೇಳುತ್ತಿದ್ದರೆ, ನನ್ನ ಟಕ್ ಆದ ತಕ್ಷಣ ನೀನೂ ಒಂದು ಒತ್ತು ಲಿಖಿ. ದಿನಾ ಒತ್ತಿ, ಬೆರಳು ತೆಗೆದು, ಸೆಟ್ಟನ್ನು ಕಿವಿಗಿಟ್ಟುಕೊಂಡು ಕಾಯುತ್ತೇನೆ. ಒಂದೇ ಬರುತ್ತಿದೆ ಕಣೋ.